ಓಟದ ಗಾಯಗಳು

ಓಟದ ಗಾಯಗಳು ಎಂದರೆ ಓಟದ ಅಭ್ಯಾಸದಿಂದ ಕಾಲಿನ ಸ್ನಾಯು, ಸ್ನಾಯುರಜ್ಜು, ಮೂಳೆ ಮತ್ತು ಕೀಲುಗಳಿಗೆ ಒದಗುವ ನೋವು ಹಾಗೂ ಹಾನಿ. ಎಡವಿ ಬಿದ್ದು ಒಮ್ಮೆಲೇ ಆಗುವ ಪೆಟ್ಟು ಇವುಗಳಲ್ಲಿ ಕಡಿಮೆ. ಸಣ್ಣ ಒತ್ತಡವು ಸಾವಿರಾರು ಬಾರಿ ಮರುಕಳಿಸಿ, ದೇಹವು ತನ್ನನ್ನು ದುರಸ್ತಿ ಮಾಡಿಕೊಳ್ಳುವ ವೇಗವನ್ನು ಮೀರಿದಾಗ ಉಂಟಾಗುವ ಅತಿಬಳಕೆಯ ಗಾಯಗಳೇ ಹೆಚ್ಚು. ಮೊಣಕಾಲು, ಕೆಳಗಾಲು (ಮೊಣಕಾಲಿನಿಂದ ಪಾದದ ಗಂಟಿನವರೆಗಿನ ಭಾಗ), ಹಿಮ್ಮಡಿ ಮತ್ತು ಅಂಗಾಲು ಇವುಗಳಿಗೆ ಹೆಚ್ಚಾಗಿ ಗುರಿಯಾಗುತ್ತವೆ.

ಚಿಕಿತ್ಸೆಗೆ ನಾಲ್ಕು ಅಂಗಗಳಿವೆ: ಓಟದ ಪ್ರಮಾಣವನ್ನು ಹದಗೊಳಿಸುವುದು, ಓಟದ ತಂತ್ರವನ್ನು ತಿದ್ದುವುದು, ಬಲವರ್ಧಕ ವ್ಯಾಯಾಮ ಮತ್ತು ತಕ್ಕ ಪಾದರಕ್ಷೆ. ಇವುಗಳಲ್ಲಿ ಮೊದಲನೆಯದು ಮುಖ್ಯವಾದುದು. ಉಳಿದ ಮೂರು ಅದಕ್ಕೆ ನೆರವಾಗುತ್ತವೆ. ಕರ್ನಾಟಕದಲ್ಲಿ ಈ ವಿಷಯವು ಕ್ರೀಡಾಪಟುಗಳಿಗೆ ಮಾತ್ರ ಸೀಮಿತವಲ್ಲ. ಪೊಲೀಸ್ ಮತ್ತು ಸೇನಾ ನೇಮಕಾತಿಯ ಓಟದ ಪರೀಕ್ಷೆಗೆ ಕೆಲವೇ ವಾರಗಳಲ್ಲಿ ಸಿದ್ಧರಾಗಲು ಹೊರಡುವ ಯುವಕ ಯುವತಿಯರಿಗೆ ಒಂದು ಗಾಯವು ಉದ್ಯೋಗದ ಅವಕಾಶವನ್ನೇ ತಪ್ಪಿಸಬಹುದು. ಈ ಲೇಖನದಲ್ಲಿ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಪರಿಸರದ ನಿದರ್ಶನಗಳೊಂದಿಗೆ ಗಾಯಗಳ ಕಾರಣ, ಪರೀಕ್ಷೆ ಮತ್ತು ಚಿಕಿತ್ಸೆಯನ್ನು ವಿವರಿಸಲಾಗಿದೆ.

## ಗಾಯವಾಗುವ ಬಗೆ

ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ನೆಲವು ದೇಹದ ತೂಕದ ಸುಮಾರು ೨ರಿಂದ ೩ ಪಟ್ಟು ಬಲದಿಂದ ಪಾದವನ್ನು ಹಿಂದಕ್ಕೆ ಒತ್ತುತ್ತದೆ. ೬೦ ಕಿಲೋ ತೂಕದ ವ್ಯಕ್ತಿಯ ಒಂದೊಂದು ಕಾಲಿನ ಮೇಲೆ ಆಗ ೧೨೦ರಿಂದ ೧೮೦ ಕಿಲೋ ತೂಕದಷ್ಟು ಹೊರೆ ಬೀಳುತ್ತದೆ. ನಿಧಾನಗತಿಯಲ್ಲಿ ೫ ಕಿಲೋಮೀಟರ್ ಓಡಲು ಸುಮಾರು ೫,೫೦೦ ಹೆಜ್ಜೆಗಳು ಬೇಕು. ಹೀಗೆ ಒಂದೇ ಬೆಳಗಿನಲ್ಲಿ ಕಾಲುಗಳು ಹೊರುವ ಒಟ್ಟು ಹೊರೆ ಬಹಳ ದೊಡ್ಡದು.

ಈ ಹೊರೆ ಸ್ವತಃ ಕೆಟ್ಟದ್ದಲ್ಲ. ಹೊರೆ ಬಿದ್ದ ಸ್ನಾಯು ಮತ್ತು ಮೂಳೆ ವಿಶ್ರಾಂತಿಯ ವೇಳೆಯಲ್ಲಿ ಮೊದಲಿಗಿಂತ ಗಟ್ಟಿಯಾಗುತ್ತವೆ. ಆದರೆ ಎಲ್ಲ ಅಂಗಾಂಶಗಳೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ಉಸಿರಾಟ ಮತ್ತು ಹೃದಯದ ಸಾಮರ್ಥ್ಯ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಸ್ನಾಯುರಜ್ಜು ಮತ್ತು ಮೂಳೆಗಳಿಗೆ ತಿಂಗಳುಗಳು ಬೇಕು. ಮೂಳೆಯು ಹೊಸ ಹೊರೆಯನ್ನು ಕಂಡಾಗ ಮೊದಲು ಹಳೆಯ ಭಾಗವನ್ನು ಕರಗಿಸಿ, ಅನಂತರ ಹೊಸದನ್ನು ಕಟ್ಟುತ್ತದೆ. ಕರಗುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ಆದುದರಿಂದ ಅಭ್ಯಾಸ ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಮೂಳೆಯು ತಾತ್ಕಾಲಿಕವಾಗಿ ದುರ್ಬಲವಾಗಿರುತ್ತದೆ. ಉಸಿರು ಹತ್ತದೆ ಸಲೀಸಾಗಿ ಓಡುತ್ತಿದ್ದೇನೆ ಎಂದು ಅಭ್ಯಾಸಿಗೆ ಅನ್ನಿಸುವ ಕಾಲವೂ ಅದೇ. ಎದೆ ಸಿದ್ಧವಾಗಿದ್ದು ಕಾಲು ಇನ್ನೂ ಸಿದ್ಧವಾಗದ ಈ ಅಂತರದಲ್ಲಿಯೇ ಬಹಳಷ್ಟು ಗಾಯಗಳು ಸಂಭವಿಸುತ್ತವೆ.

ಗಾಯದ ಸಂಭವವನ್ನು ಹೆಚ್ಚಿಸುವ ಸಂಗತಿಗಳು ಇವು:

* ದೂರ, ವೇಗ ಅಥವಾ ಅಭ್ಯಾಸದ ದಿನಗಳನ್ನು ಒಮ್ಮೆಲೇ ಏರಿಸುವುದು
* ಹಿಂದೆ ಆಗಿದ್ದ ಗಾಯ ಪೂರ್ತಿ ವಾಸಿಯಾಗದಿರುವುದು
* ನಿದ್ರೆ ಮತ್ತು ಆಹಾರದ ಕೊರತೆ
* ಪಾದರಕ್ಷೆ ಅಥವಾ ಓಡುವ ನೆಲವನ್ನು ಏಕಾಏಕಿ ಬದಲಿಸುವುದು
* ಸೊಂಟ, ತೊಡೆ ಮತ್ತು ಮೀನಖಂಡದ ಸ್ನಾಯುಗಳ ದೌರ್ಬಲ್ಯ

## ಇತಿಹಾಸ

ಅತಿಬಳಕೆಯಿಂದ ಮೂಳೆಗೆ ಆಗುವ ಗಾಯವನ್ನು ವೈದ್ಯರು ಮೊದಲು ಗುರುತಿಸಿದ್ದು ಸೈನಿಕರಲ್ಲಿ. ೧೮೫೫ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ದೀರ್ಘ ಕವಾಯತು ಮಾಡಿದ ಸೈನಿಕರ ಪಾದಗಳು ಊದಿ ನೋಯುವುದನ್ನು ದಾಖಲಿಸಿದನು. ಎಕ್ಸ್-ರೇ ಕಿರಣಗಳು ೧೮೯೫ರಲ್ಲಿ ಪತ್ತೆಯಾದ ಮೇಲೆ, ೧೮೯೭ರಲ್ಲಿ ಸ್ಟೆಖೋವ್ ಎಂಬ ವೈದ್ಯನು ಇದಕ್ಕೆ ಕಾರಣ ಪಾದದ ಮೂಳೆಗಳಲ್ಲಿನ ಬಿರುಕು ಎಂಬುದನ್ನು ತೋರಿಸಿದನು.

ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಹವ್ಯಾಸಿ ಓಟವು ಅಮೆರಿಕ ಮತ್ತು ಯುರೋಪಿನಲ್ಲಿ ಜನಪ್ರಿಯವಾಯಿತು. ಅದರೊಂದಿಗೆ ಮೆತ್ತನೆಯ ಅಟ್ಟೆಯ ಓಟದ ಶೂಗಳ ಉದ್ಯಮವೂ ಬೆಳೆಯಿತು. ಇದಕ್ಕೆ ಮೊದಲೇ, ೧೯೬೦ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಓಡಿ ಮ್ಯಾರಥಾನ್ ಗೆದ್ದಿದ್ದನು. ೧೯೬೪ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವನೇ ಶೂ ಧರಿಸಿ ಮತ್ತೊಮ್ಮೆ ಗೆದ್ದನು. ೨೦೧೦ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು, ಬರಿಗಾಲಿನಲ್ಲಿ ಓಡಿ ರೂಢಿಯಾದವರು ಬಹುಮಟ್ಟಿಗೆ ಪಾದದ ಮುಂಭಾಗ ಅಥವಾ ಮಧ್ಯಭಾಗವನ್ನು ಮೊದಲು ಊರುತ್ತಾರೆ, ಶೂ ಧರಿಸಿ ರೂಢಿಯಾದವರು ಹಿಮ್ಮಡಿಯನ್ನು ಮೊದಲು ಊರುತ್ತಾರೆ ಎಂದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದರ ಬೆನ್ನಲ್ಲಿ ತೆಳು ಅಟ್ಟೆಯ ಶೂಗಳ ಅಲೆಯೊಂದು ಎದ್ದಿತು. ಅಂತಹ ಶೂ ಗಾಯಗಳನ್ನು ತಗ್ಗಿಸುತ್ತದೆ ಎಂದು ಪ್ರಚಾರ ಮಾಡಿದ್ದ ವೈಬ್ರಂ ಕಂಪನಿಯು ೨೦೧೪ರಲ್ಲಿ ಅಮೆರಿಕದ ಗ್ರಾಹಕರ ಮೊಕದ್ದಮೆಯೊಂದನ್ನು ೩೭.೫ ಲಕ್ಷ ಡಾಲರ್‌ಗಳಿಗೆ ರಾಜಿ ಮಾಡಿಕೊಂಡಿತು.

## ಬಳ್ಳಾರಿ ಪರಿಸರದಲ್ಲಿ ಓಟ

ಬಳ್ಳಾರಿ ಜಿಲ್ಲೆಯಲ್ಲಿ ಓಟದ ಎರಡು ಲೋಕಗಳನ್ನು ಕಾಣಬಹುದು. ಒಂದು, ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿಯ ವಿಜಯನಗರದಲ್ಲಿ ೨೦೧೮ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್. ಜೆಎಸ್‌ಡಬ್ಲ್ಯು ಸಮೂಹದ ಈ ಸಂಸ್ಥೆಯಲ್ಲಿ ಅಥ್ಲೆಟಿಕ್ಸ್, ಕುಸ್ತಿ, ಬಾಕ್ಸಿಂಗ್, ಜೂಡೊ ಮುಂತಾದವುಗಳ ತರಬೇತಿಯೊಂದಿಗೆ ಕ್ರೀಡಾವಿಜ್ಞಾನ ಮತ್ತು ಭೌತಚಿಕಿತ್ಸೆಯ ವಿಭಾಗಗಳಿವೆ. ೨೦೧೯ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ತಮ್ಮ ಚೇತರಿಕೆಯ ಅಭ್ಯಾಸವನ್ನು ಇಲ್ಲಿ ನಡೆಸಿದರು; ೨೦೨೧ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದರು. ಗಾಯಗೊಂಡ ಭಾಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೊರೆಯನ್ನು ಮರಳಿಸುವುದೇ ಇಂತಹ ಚೇತರಿಕೆಯ ತಿರುಳು. ಈ ತತ್ತ್ವ ಕೈಗೂ ಕಾಲಿಗೂ ಒಂದೇ.

ಇನ್ನೊಂದು ಲೋಕ, ಬಳ್ಳಾರಿಯ ಮೈದಾನಗಳಲ್ಲಿ, ಸಿರುಗುಪ್ಪದ ಕಾಲುವೆ ಏರಿಗಳ ಮೇಲೆ, ಕುರುಗೋಡಿನ ಬೆಟ್ಟದ ಆಸುಪಾಸಿನ ರಸ್ತೆಗಳಲ್ಲಿ ನಸುಕಿನಲ್ಲಿ ಓಡುವ ಉದ್ಯೋಗಾಕಾಂಕ್ಷಿಗಳದು. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಪುರುಷರು ೧,೬೦೦ ಮೀಟರ್ ದೂರವನ್ನು ೬ ನಿಮಿಷ ೩೦ ಸೆಕೆಂಡುಗಳಲ್ಲಿ, ಮಹಿಳೆಯರು ೪೦೦ ಮೀಟರ್ ದೂರವನ್ನು ೨ ನಿಮಿಷಗಳಲ್ಲಿ ಕ್ರಮಿಸಬೇಕು ಎಂಬ ನಿಯಮವಿದೆ. ಪುರುಷರ ಗುರಿಯನ್ನು ೪೦೦ ಮೀಟರ್ ಸುತ್ತುಗಳಿಗೆ ಭಾಗಿಸಿದರೆ ಸುತ್ತಿಗೆ ಸುಮಾರು ೯೭ ಸೆಕೆಂಡುಗಳಾಗುತ್ತವೆ. ಕ್ರಮವಾಗಿ ಅಭ್ಯಾಸ ಮಾಡಿದ ಆರೋಗ್ಯವಂತ ಯುವಕನಿಗೆ ಇದು ಅಸಾಧ್ಯವಲ್ಲ. ಆದರೆ ಲಿಖಿತ ಪರೀಕ್ಷೆಯ ಓದು ಮುಗಿದ ಮೇಲೆ, ದಿನಾಂಕ ಪ್ರಕಟವಾದ ಮೇಲೆ ಓಟ ಆರಂಭಿಸಿ ಪ್ರತಿದಿನವೂ ಪೂರ್ಣ ವೇಗದಲ್ಲಿ ಓಡುವ ರೂಢಿ ಅಪಾಯಕಾರಿ. ಬ್ರೈಟ್‌ಹಾಪ್ಟ್ ಕಂಡ ಸೈನಿಕರ ಸ್ಥಿತಿಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

ಈ ಸೀಮೆಯ ನೆಲ ಮತ್ತು ಹವೆಯೂ ಗಮನಾರ್ಹ. ಎರೆಭೂಮಿಯು ಬೇಸಿಗೆಯಲ್ಲಿ ಬಿರಿಯುವುದರಿಂದ ಪಾದ ಹೊರಳುವ ಭಯವಿದೆ. ಮಳೆ ಬಿದ್ದಾಗ ಮಣ್ಣು ಶೂಗಳಿಗೆ ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತದೆ. ಹೆದ್ದಾರಿಯ ಅಂಚು ನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ಸದಾ ಒಂದೇ ಮಗ್ಗುಲಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ. ಬೆಟ್ಟದ ಏರಿನಲ್ಲಿ ಮೀನಖಂಡ ಮತ್ತು ಹಿಮ್ಮಡಿಗೆ, ಇಳಿಜಾರಿನಲ್ಲಿ ಮೊಣಕಾಲಿಗೆ ಹೆಚ್ಚಿನ ಹೊರೆ ಬೀಳುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶವು ೪೦ ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಸೂರ್ಯೋದಯದ ಸುಮಾರಿಗೆ ಓಟ ಮುಗಿಸುವುದು ಕ್ಷೇಮ.

## ಪ್ರಮುಖ ಗಾಯಗಳು

* ಮೊಣಕಾಲು ಚಿಪ್ಪಿನ ನೋವು: ಓಟಗಾರರಲ್ಲಿ ಅತ್ಯಂತ ಸಾಮಾನ್ಯವಾದುದು. ಚಿಪ್ಪಿನ ಸುತ್ತ ಅಥವಾ ಹಿಂದೆ ನೋವಿರುತ್ತದೆ. ಮೆಟ್ಟಿಲು ಇಳಿಯುವಾಗ, ಬಸ್ಕಿ ಹೊಡೆಯುವಾಗ, ಬಹಳ ಹೊತ್ತು ಮಂಡಿ ಮಡಚಿ ಕುಳಿತಾಗ ಹೆಚ್ಚುತ್ತದೆ.
* ಕೆಳಗಾಲಿನ ಒಳ ಅಂಚಿನ ನೋವು (ಶಿನ್ ಸ್ಪ್ಲಿಂಟ್): ಕೆಳಗಾಲಿನ ದಪ್ಪ ಮೂಳೆಯ ಒಳ ಅಂಚಿನ ಉದ್ದಕ್ಕೂ ಹರಡಿದ ನೋವು. ಹೊಸದಾಗಿ ಓಟ ಆರಂಭಿಸಿದವರಲ್ಲಿ ಹೆಚ್ಚು.
* ಒತ್ತಡದ ಮೂಳೆಬಿರುಕು: ಮೂಳೆಯ ಒಂದೇ ಬಿಂದುವಿನಲ್ಲಿ ನೋವು. ಮೊದಲು ಓಡುವಾಗ ಮಾತ್ರ, ಬಳಿಕ ನಡೆಯುವಾಗಲೂ, ಕೊನೆಗೆ ರಾತ್ರಿ ಮಲಗಿದಾಗಲೂ ಕಾಡುತ್ತದೆ. ಕೆಳಗಾಲು ಮತ್ತು ಪಾದದ ಮೂಳೆಗಳಲ್ಲಿ ಸಾಮಾನ್ಯ. ತೊಡೆಮೂಳೆಯ ಕತ್ತಿನಲ್ಲಿ ಆದರೆ ಅಪಾಯಕರ.
* ಅಕಿಲಿಸ್ ಸ್ನಾಯುರಜ್ಜಿನ ನೋವು: ಹಿಮ್ಮಡಿಯ ಮೇಲ್ಭಾಗದ ದಪ್ಪ ರಜ್ಜು ಬೆಳಿಗ್ಗೆ ಬಿಗಿದುಕೊಂಡು ನೋಯುತ್ತದೆ, ಸ್ವಲ್ಪ ನಡೆದ ಮೇಲೆ ಸಡಿಲವಾಗುತ್ತದೆ. ಜನರು ಇದನ್ನು ಹಿಮ್ಮಡಿ ನರದ ನೋವು ಎನ್ನುವುದುಂಟು. ವಾಸ್ತವದಲ್ಲಿ ಇದು ನರವಲ್ಲ, ಮೀನಖಂಡದ ಸ್ನಾಯುವನ್ನು ಹಿಮ್ಮಡಿ ಮೂಳೆಗೆ ಜೋಡಿಸುವ ರಜ್ಜು.
* ಅಂಗಾಲಿನ ಪೊರೆಯ ನೋವು (ಪ್ಲಾಂಟಾರ್ ಫ್ಯಾಸೈಟಿಸ್): ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ತಳಭಾಗ ಚುಚ್ಚಿದಂತೆ ನೋಯುವುದು ಇದರ ಗುರುತು.
* ಮೊಣಕಾಲಿನ ಹೊರಮಗ್ಗುಲ ನೋವು: ಸೊಂಟದಿಂದ ಮೊಣಕಾಲಿನ ಹೊರಬದಿಗೆ ಇಳಿಯುವ ಪಟ್ಟಿಯ ಕೆಳತುದಿಯಲ್ಲಿ, ಓಟದ ಒಂದು ನಿರ್ದಿಷ್ಟ ದೂರದ ನಂತರ ಕಾಣಿಸಿಕೊಳ್ಳುತ್ತದೆ. ಇಳಿಜಾರಿನಲ್ಲಿ ಹೆಚ್ಚುತ್ತದೆ.
* ತೊಡೆಯ ಹಿಂಬದಿಯ ಸ್ನಾಯು ಹರಿತ ಮತ್ತು ಕಾಲು ಉಳುಕು: ಇವೆರಡೂ ಒಮ್ಮೆಲೇ ಆಗುವ ಗಾಯಗಳು. ಮೊದಲನೆಯದು ವೇಗದ ಓಟದಲ್ಲಿ, ಎರಡನೆಯದು ಪಾದ ಹೊರಳಿದಾಗ ಸಂಭವಿಸುತ್ತದೆ.

## ಪರೀಕ್ಷೆ

### ವಿಚಾರಣೆ

ಓಟದ ಗಾಯದ ಕಾರಣವು ಯಂತ್ರಗಳಿಗಿಂತ ಹೆಚ್ಚಾಗಿ ಪ್ರಶ್ನೆಗಳಿಂದಲೇ ತಿಳಿಯುತ್ತದೆ. ನೋವು ಯಾವಾಗ ಆರಂಭವಾಯಿತು, ಎಲ್ಲಿದೆ, ಓಟದ ಆರಂಭದಲ್ಲಿಯೋ ಕೊನೆಯಲ್ಲಿಯೋ, ಮರುದಿನ ಬೆಳಿಗ್ಗೆ ಹೇಗಿರುತ್ತದೆ ಎಂಬುವು ಮೊದಲ ಪ್ರಶ್ನೆಗಳು. ಹಿಂದಿನ ೪ರಿಂದ ೬ ವಾರಗಳಲ್ಲಿ ಏನು ಬದಲಾಯಿತು ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಓಡಿದ ದೂರ, ಸಮಯ, ನೆಲ ಮತ್ತು ಶೂ ಇವುಗಳನ್ನು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡುವವನಿಗೆ ಉತ್ತರ ಸುಲಭವಾಗಿ ಸಿಗುತ್ತದೆ.

### ಬೆರಳು ಮತ್ತು ಅಂಗೈ

ಕೆಳಗಾಲಿನ ನೋವಿನಲ್ಲಿ ಒಂದು ಸರಳ ಭೇದವನ್ನು ಗಮನಿಸಬೇಕು. ನೋವಿರುವ ಜಾಗವನ್ನು ತೋರಿಸಲು ಅಂಗೈಯನ್ನು ಉದ್ದಕ್ಕೆ ಸವರಬೇಕಾದರೆ, ಅಂದರೆ ಮೂಳೆಯ ಒಳ ಅಂಚಿನಲ್ಲಿ ೫ ಸೆಂಟಿಮೀಟರಿಗಿಂತ ಹೆಚ್ಚು ಉದ್ದಕ್ಕೆ ನೋವಿದ್ದರೆ, ಅದು ಬಹುಮಟ್ಟಿಗೆ ಶಿನ್ ಸ್ಪ್ಲಿಂಟ್. ಒಂದೇ ಬೆರಳ ತುದಿಯಿಂದ ಬಿಂದುವನ್ನು ತೋರಿಸಬಹುದಾದರೆ, ಅಥವಾ ಒಂಟಿಕಾಲಿನಲ್ಲಿ ಕುಪ್ಪಳಿಸಿದಾಗ ಅಲ್ಲಿಯೇ ತೀಕ್ಷ್ಣವಾಗಿ ನೋಯುತ್ತಿದ್ದರೆ, ಮೂಳೆಬಿರುಕನ್ನು ಶಂಕಿಸಿ ಓಟವನ್ನು ಕೂಡಲೇ ನಿಲ್ಲಿಸಬೇಕು. ಇಂತಹ ಬಿರುಕು ಮೊದಲ ೨–೩ ವಾರಗಳಲ್ಲಿ ಎಕ್ಸ್-ರೇಯಲ್ಲಿ ಕಾಣದೆ ಹೋಗಬಹುದು. ಎಕ್ಸ್-ರೇ ಸರಿಯಾಗಿದೆ ಎಂಬ ಕಾರಣಕ್ಕೆ ಮರಳಿ ಓಡತೊಡಗಿದರೆ ಅರೆಬಿರುಕು ಪೂರ್ತಿ ಮುರಿತವಾಗಬಹುದು. ಎಂಆರ್‌ಐ ಪರೀಕ್ಷೆಯಲ್ಲಿ ಇದು ಬೇಗ ತಿಳಿಯುತ್ತದೆ.

### ಬಲ ಮತ್ತು ಚಲನೆ

* ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿಯನ್ನು ಎತ್ತಿ ಇಳಿಸುವುದು. ಆರೋಗ್ಯವಂತ ವಯಸ್ಕರು ೨೫ರ ಸುಮಾರಿಗೆ ಮಾಡಬಲ್ಲರು. ಎರಡು ಕಾಲುಗಳ ನಡುವಣ ವ್ಯತ್ಯಾಸವನ್ನು ಬರೆದುಕೊಳ್ಳಬೇಕು.
* ಒಂಟಿಕಾಲಿನ ಅರೆಬಸ್ಕಿ. ಮೊಣಕಾಲು ಒಳಕ್ಕೆ ವಾಲುತ್ತದೆಯೇ, ಸೊಂಟ ಒಂದು ಕಡೆಗೆ ಜಗ್ಗುತ್ತದೆಯೇ ಎಂದು ಎದುರಿನಿಂದ ನೋಡಬೇಕು.
* ಗೋಡೆಯ ಪರೀಕ್ಷೆ. ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಿ, ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರವನ್ನು ಎರಡು ಕಾಲುಗಳಲ್ಲಿಯೂ ಅಳೆಯಬೇಕು. ಒಂದು ಕಡೆ ಅಂತರ ಸ್ಪಷ್ಟವಾಗಿ ಕಡಿಮೆಯಿದ್ದರೆ ಆ ಪಾದದ ಗಂಟು ಬಿಗಿದಿದೆ ಎಂದರ್ಥ.

### ಓಟದ ವೀಕ್ಷಣೆ

ಮೊಬೈಲಿನ ನಿಧಾನಗತಿಯ ಚಿತ್ರೀಕರಣವು ಇದಕ್ಕೆ ಸಾಕಾಗುತ್ತದೆ. ಫೋನನ್ನು ಸೊಂಟದ ಎತ್ತರದಲ್ಲಿ ಅಲುಗದಂತೆ ಹಿಡಿದು ಮಗ್ಗುಲಿನಿಂದಲೂ ಹಿಂದಿನಿಂದಲೂ ಚಿತ್ರೀಕರಿಸಬೇಕು. ಓಡಲು ಆರಂಭಿಸಿ ಕೆಲವು ನಿಮಿಷಗಳಾದ ಮೇಲೆ ಚಿತ್ರೀಕರಿಸಿದರೆ ಸಹಜವಾದ ನಡೆ ಸಿಗುತ್ತದೆ. ಮಗ್ಗುಲಿನಿಂದ ನೋಡುವಾಗ ಪಾದವು ಮೊಣಕಾಲಿಗಿಂತ ಬಹಳ ಮುಂದೆ ಊರುತ್ತದೆಯೇ ಎಂಬುದನ್ನೂ, ಹಿಂದಿನಿಂದ ನೋಡುವಾಗ ಪಾದಗಳು ಒಂದರ ದಾರಿಯನ್ನು ಇನ್ನೊಂದು ದಾಟುತ್ತವೆಯೇ ಎಂಬುದನ್ನೂ ಗಮನಿಸಬೇಕು.

## ಚಿಕಿತ್ಸೆ

### ಹೊರೆಯ ಹದ

ಮೂಳೆಬಿರುಕಿನಂತಹ ಗಾಯಗಳನ್ನು ಬಿಟ್ಟರೆ ಪೂರ್ಣ ವಿಶ್ರಾಂತಿ ವಿರಳವಾಗಿ ಬೇಕಾಗುತ್ತದೆ. ಪೂರ್ಣ ವಿಶ್ರಾಂತಿಯಿಂದ ನೋವು ಇಳಿಯುತ್ತದೆ, ಆದರೆ ಅಂಗಾಂಶವೂ ದುರ್ಬಲವಾಗುತ್ತದೆ. ಹಳೆಯ ವೇಗದಲ್ಲಿ ಮರಳಿ ಓಡಿದ ಕೂಡಲೇ ನೋವು ಮರುಕಳಿಸುವುದು ಇದರಿಂದಲೇ. ಆದುದರಿಂದ ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಗಳಲ್ಲಿ ಅಳೆದು ಹೊರೆಯನ್ನು ನಿರ್ಧರಿಸುವ ಪದ್ಧತಿ ಬಳಕೆಯಲ್ಲಿದೆ:

* ೦–೩: ಓಟ ಮುಂದುವರಿಸಬಹುದು.
* ೪–೫: ದೂರ ಮತ್ತು ವೇಗವನ್ನು ತಗ್ಗಿಸಬೇಕು.
* ೬ ಮತ್ತು ಮೇಲೆ: ನಿಲ್ಲಿಸಬೇಕು.

ಓಟದ ನಂತರ ೨೪ ಗಂಟೆಗಳೊಳಗೆ ನೋವು ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಆ ದಿನದ ಹೊರೆ ಹೆಚ್ಚಾಯಿತು ಎಂದು ತಿಳಿಯಬೇಕು. ಈ ಅಳತೆಯು ಸ್ನಾಯು ಮತ್ತು ರಜ್ಜುಗಳ ನೋವಿಗೆ ಮಾತ್ರ ಅನ್ವಯಿಸುತ್ತದೆ. ಮೂಳೆಬಿರುಕಿನ ಶಂಕೆಯಿದ್ದಲ್ಲಿ ಅಲ್ಪ ನೋವನ್ನೂ ಸಹಿಸಿ ಓಡಬಾರದು. ಓಟ ತಗ್ಗಿಸಿದ ದಿನಗಳಲ್ಲಿ ಸೈಕಲ್ ತುಳಿಯುವುದು, ಈಜುವುದು ಉಸಿರಿನ ಸಾಮರ್ಥ್ಯವನ್ನು ಕಾಪಾಡುತ್ತವೆ.

### ಓಟದ ತಂತ್ರ

ತಂತ್ರದ ತಿದ್ದುಪಡಿಗಳಲ್ಲಿ ಸರಳವಾದುದೂ ಪರಿಣಾಮಕಾರಿಯಾದುದೂ ಹೆಜ್ಜೆಯ ಗತಿಯನ್ನು ಹೆಚ್ಚಿಸುವುದು. ಬಲಗಾಲು ೩೦ ಸೆಕೆಂಡುಗಳಲ್ಲಿ ಎಷ್ಟು ಬಾರಿ ನೆಲ ಮುಟ್ಟುತ್ತದೆ ಎಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಒಟ್ಟು ಹೆಜ್ಜೆಗಳು ಸಿಗುತ್ತವೆ. ಉದಾಹರಣೆಗೆ, ೩೯ ಬಾರಿ ಮುಟ್ಟಿದರೆ ನಿಮಿಷಕ್ಕೆ ೧೫೬ ಹೆಜ್ಜೆಗಳು. ಅದೇ ವೇಗದಲ್ಲಿ ಓಡುತ್ತ ಗತಿಯನ್ನು ಶೇಕಡಾ ೫ರಿಂದ ೧೦ರಷ್ಟು, ಅಂದರೆ ೧೬೪ರಿಂದ ೧೭೨ಕ್ಕೆ ಏರಿಸಿದರೆ ಒಂದೊಂದು ಹೆಜ್ಜೆಯೂ ಗಿಡ್ಡವಾಗುತ್ತದೆ. ಪಾದವು ದೇಹದ ಕೆಳಗೆ ಊರುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬ್ರಯಾನ್ ಹೈಡರ್‌ಷೈಟ್ ಮತ್ತು ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನವು, ಇಷ್ಟು ಬದಲಾವಣೆಯಿಂದ ಮೊಣಕಾಲು ಮತ್ತು ಸೊಂಟದ ಕೀಲಿನ ಹೊರೆ ತಗ್ಗುತ್ತದೆ ಎಂದು ತೋರಿಸಿತು.

ಸಪ್ಪಳವಾಗದಂತೆ ಹಗುರವಾಗಿ ಹೆಜ್ಜೆಯಿಡುವ ಅಭ್ಯಾಸವೂ ಉಪಯುಕ್ತ. ಹಾಂಗ್‌ಕಾಂಗ್‌ನಲ್ಲಿ ೩೨೦ ಹೊಸ ಓಟಗಾರರ ಮೇಲೆ ನಡೆದು ೨೦೧೮ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವಾರ ಹೀಗೆ ತರಬೇತಿ ಪಡೆದವರಿಗೆ ಮುಂದಿನ ಒಂದು ವರ್ಷದಲ್ಲಿ ಆದ ಗಾಯಗಳು ಉಳಿದವರಿಗಿಂತ ಶೇಕಡಾ ೬೨ರಷ್ಟು ಕಡಿಮೆಯಿದ್ದವು. ಆದರೆ ತರಬೇತಿ ಪಡೆದವರಲ್ಲಿ ಮೀನಖಂಡ ಮತ್ತು ಅಕಿಲಿಸ್ ರಜ್ಜಿನ ನೋವು ಹೆಚ್ಚಾಗಿ ಕಂಡಿತು. ತಂತ್ರವನ್ನು ಬದಲಿಸಿದಾಗ ಹೊರೆ ಮಾಯವಾಗುವುದಿಲ್ಲ, ಒಂದು ಭಾಗದಿಂದ ಇನ್ನೊಂದಕ್ಕೆ ಸರಿಯುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಹಿಮ್ಮಡಿ ಊರುವವರು ಮುಂಪಾದಕ್ಕೆ ಬದಲಿಸಿದಾಗಲೂ ಹೀಗೆಯೇ: ಮೊಣಕಾಲಿಗೆ ಬಿಡುವು, ಹಿಮ್ಮಡಿಯ ರಜ್ಜಿಗೆ ಹೊರೆ. ನೋವಿಲ್ಲದವರು ತಂತ್ರವನ್ನು ಬದಲಿಸುವ ಅಗತ್ಯವಿಲ್ಲ. ಪರೀಕ್ಷೆಗೆ ಕೆಲವೇ ವಾರಗಳಿರುವಾಗ ಬದಲಿಸುವುದಂತೂ ಸಲ್ಲದು.

### ವ್ಯಾಯಾಮ

ಡೆನ್ಮಾರ್ಕಿನ ಲಾವರ್ಸನ್ ಮತ್ತು ಸಂಗಡಿಗರು ೨೦೧೪ರಲ್ಲಿ ೨೫ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ಬಲವರ್ಧಕ ವ್ಯಾಯಾಮಗಳು ಕ್ರೀಡಾಗಾಯಗಳನ್ನು ಮೂರನೆಯ ಒಂದು ಭಾಗಕ್ಕಿಂತ ಕೆಳಗೆ ಇಳಿಸುತ್ತವೆ, ಸ್ನಾಯು ಎಳೆಯುವ ವ್ಯಾಯಾಮಗಳಿಂದ ಮಾತ್ರ ಅಂತಹ ಪ್ರಯೋಜನ ಕಾಣಲಿಲ್ಲ ಎಂದು ವರದಿ ಮಾಡಿದರು. ಈ ವ್ಯಾಯಾಮಗಳಿಗೆ ಜಿಮ್ ಬೇಕಿಲ್ಲ. ಮನೆಯ ಕಟ್ಟೆ, ಮೆಟ್ಟಿಲು, ಪುಸ್ತಕ ಅಥವಾ ಮರಳು ತುಂಬಿದ ಬೆನ್ನುಚೀಲ ಸಾಕು.

* ಅಕಿಲಿಸ್ ರಜ್ಜಿಗೆ: ಸ್ವೀಡನ್ನಿನ ಹಾಕಾನ್ ಆಲ್ಫ್ರೆಡ್‌ಸನ್ ೧೯೯೮ರಲ್ಲಿ ಪ್ರಕಟಿಸಿದ ಕ್ರಮ ಪ್ರಸಿದ್ಧವಾದುದು. ಮೆಟ್ಟಿಲ ಅಂಚಿನಲ್ಲಿ ಮುಂಪಾದವನ್ನು ಊರಿ, ಎರಡೂ ಕಾಲುಗಳಿಂದ ಮೇಲೇರಿ, ನೋವಿರುವ ಒಂದೇ ಕಾಲಿನ ಮೇಲೆ ಹಿಮ್ಮಡಿಯನ್ನು ನಿಧಾನವಾಗಿ ಇಳಿಸಬೇಕು. ಮೊಣಕಾಲು ನೇರವಾಗಿಟ್ಟು ೧೫ರಂತೆ ೩ ಸರದಿ, ಮಡಚಿಟ್ಟು ೧೫ರಂತೆ ೩ ಸರದಿ. ದಿನಕ್ಕೆ ಎರಡು ಹೊತ್ತು, ೧೨ ವಾರ.
* ಅಂಗಾಲಿನ ಪೊರೆಗೆ: ಡೆನ್ಮಾರ್ಕಿನ ರಾಥ್‌ಲೆಫ್ ರೂಪಿಸಿದ ಕ್ರಮದಲ್ಲಿ ಕಾಲ್ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಒಂಟಿಕಾಲಿನಲ್ಲಿ ೩ ಸೆಕೆಂಡು ಏರಿ, ೨ ಸೆಕೆಂಡು ನಿಂತು, ೩ ಸೆಕೆಂಡು ಇಳಿಯಬೇಕು. ದಿನ ಬಿಟ್ಟು ದಿನ ಮಾಡಬೇಕು.
* ಮೊಣಕಾಲು ಚಿಪ್ಪಿಗೆ: ತೊಡೆಯ ಮುಂಭಾಗ ಮತ್ತು ಸೊಂಟದ ಸ್ನಾಯುಗಳೆರಡನ್ನೂ ಬಲಪಡಿಸಬೇಕು. ಗರಡಿಮನೆಯ ಬಸ್ಕಿ ಉತ್ತಮ ವ್ಯಾಯಾಮ. ಆದರೆ ನೋವಿರುವಾಗ ಪೂರ್ಣ ಬಸ್ಕಿ ಬೇಡ, ಕುರ್ಚಿಯ ಎತ್ತರದವರೆಗಿನ ಅರೆಬಸ್ಕಿಯಿಂದ ಆರಂಭಿಸಬೇಕು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತುವುದು, ಅಂಗಾತ ಮಲಗಿ ಸೊಂಟವನ್ನು ಎತ್ತಿ ಹಿಡಿಯುವುದು ಇದರ ಜೊತೆಗಿರಬೇಕು.
* ಶಿನ್ ಸ್ಪ್ಲಿಂಟ್‌ಗೆ: ಓಟವನ್ನು ತಗ್ಗಿಸುವುದರೊಂದಿಗೆ ಹಿಮ್ಮಡಿ ಎತ್ತುವ ವ್ಯಾಯಾಮವನ್ನು ಮೊಣಕಾಲು ನೇರ ಮತ್ತು ಮಡಚಿದ ಎರಡೂ ಸ್ಥಿತಿಗಳಲ್ಲಿ ಮಾಡಬೇಕು.

ಸ್ನಾಯುರಜ್ಜಿನ ಗಾಯ ಮಾಗಲು ಸಾಮಾನ್ಯವಾಗಿ ೧೨ ವಾರಗಳಷ್ಟು ಕಾಲ ಹಿಡಿಯುತ್ತದೆ. ಎರಡು ವಾರಗಳಲ್ಲಿ ಗುಣ ಕಾಣಲಿಲ್ಲವೆಂದು ವ್ಯಾಯಾಮವನ್ನು ಕೈಬಿಡಬಾರದು.

### ಪಾದರಕ್ಷೆ

ಪಾದದ ಕಮಾನಿನ ಆಕಾರವನ್ನು ನೋಡಿ ಶೂ ಆರಿಸಬೇಕೆಂಬ ನಂಬಿಕೆ ಅಂಗಡಿಗಳಲ್ಲಿ ವ್ಯಾಪಕವಾಗಿದೆ. ಅಮೆರಿಕದ ಭೂಸೇನೆ, ವಾಯುಪಡೆ ಮತ್ತು ನೌಕಾ ಪದಾತಿದಳದ ಹೊಸ ಸೈನಿಕರ ಮೇಲೆ ಜೋಸೆಫ್ ನಾಪಿಕ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಲ್ಲಿ, ಕಮಾನಿಗೆ ಹೊಂದುವ ಶೂ ಪಡೆದವರಿಗೂ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟವರಿಗೂ ಗಾಯಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೆಲೆಯೂ ಗಾಯದಿಂದ ರಕ್ಷಣೆಯ ಖಾತರಿಯಲ್ಲ. ಹಾಕಿಕೊಂಡು ಕೆಲವು ಹೆಜ್ಜೆ ಓಡಿದಾಗ ಪಾದಕ್ಕೆ ಹಿತವೆನಿಸುವ ಶೂವನ್ನು ಆರಿಸುವುದು ಇಂದಿಗೂ ಒಳ್ಳೆಯ ಮಾರ್ಗ.

* ಪಾದಗಳು ಸಂಜೆಯ ವೇಳೆಗೆ ಸ್ವಲ್ಪ ಊದಿರುವುದರಿಂದ ಸಂಜೆ ಕೊಳ್ಳುವುದು ಲೇಸು. ಉದ್ದದ ಬೆರಳಿನ ಮುಂದೆ ಸುಮಾರು ೧ ಸೆಂಟಿಮೀಟರ್ ಜಾಗವಿರಬೇಕು.
* ಹೊಸ ಶೂವನ್ನು ಹಳೆಯದರೊಂದಿಗೆ ಬದಲಿಸುತ್ತ ೨–೩ ವಾರಗಳಲ್ಲಿ ರೂಢಿಸಿಕೊಳ್ಳಬೇಕು. ನೇಮಕಾತಿ ಪರೀಕ್ಷೆಯ ದಿನ ಹೊಸ ಶೂ ಧರಿಸಿದರೆ ಬೊಬ್ಬೆ ಏಳುವ ಸಂಭವವಿದೆ.
* ಓಟದ ಶೂ ೫೦೦ರಿಂದ ೮೦೦ ಕಿಲೋಮೀಟರುಗಳ ಬಳಿಕ ಸಾಮಾನ್ಯವಾಗಿ ಸವೆಯುತ್ತದೆ. ವಾರಕ್ಕೆ ೨೫ ಕಿಲೋಮೀಟರ್ ಓಡುವವರಿಗೆ ಇದು ೨೦ರಿಂದ ೩೨ ವಾರಗಳಾಗುತ್ತವೆ. ಹಿಮ್ಮಡಿಯ ಹೊರ ಅಂಚು ಮೊದಲು ಸವೆಯುವುದು ಸಹಜವೇ ಹೊರತು ದೋಷವಲ್ಲ.
* ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ ೨೦೧೫–೧೬ರಿಂದ ಉಚಿತವಾಗಿ ಶೂ ಮತ್ತು ಸಾಕ್ಸ್ ನೀಡಲಾಗುತ್ತಿದೆ. ಸಮವಸ್ತ್ರದ ಶೂ ನಡಿಗೆಗೆ ತಕ್ಕುದು. ದಿನವೂ ದೂರ ಓಡುವ ವಿದ್ಯಾರ್ಥಿಗೆ ಸುಲಭವಾಗಿ ಬಾಗುವ, ಹಗುರವಾದ ಶೂ ಬೇಕು.

ಬರಿಗಾಲಿನ ಓಟವು ಚಿಕ್ಕಂದಿನಿಂದ ರೂಢಿಯಿರುವವರಿಗೆ ಹಾನಿಕರವಲ್ಲ. ಆದರೆ ವರ್ಷಗಟ್ಟಲೆ ಶೂ ಧರಿಸಿದವರು ಒಮ್ಮೆಲೇ ಬರಿಗಾಲಿಗೆ ಅಥವಾ ತೆಳು ಅಟ್ಟೆಗೆ ಬದಲಿಸಿದರೆ ಪಾದದ ಮೂಳೆಗಳಿಗೆ ಬಿರುಕು ಬರಬಹುದು. ಈ ಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳಿನ ಭಯವೂ ಉಂಟು. ಅದು ತೆಳು ಅಟ್ಟೆಯನ್ನು ತೂರಿ ಬರಬಲ್ಲದು. ಆಳವಾಗಿ ಚುಚ್ಚಿದರೆ ಧನುರ್ವಾಯು ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು.

### ಔಷಧ ಮತ್ತು ಮನೆಮದ್ದು

ನೋವುನಿವಾರಕ ಮಾತ್ರೆಯು ನೋವನ್ನು ಮರೆಮಾಡುತ್ತದೆ, ಗಾಯವನ್ನು ಮಾಗಿಸುವುದಿಲ್ಲ. ಓಟಕ್ಕೆ ಮೊದಲು ಡೈಕ್ಲೊಫೆನಾಕ್‌ನಂತಹ ಮಾತ್ರೆ ನುಂಗಿ ಬಿಸಿಲಿನಲ್ಲಿ ಓಡಿದರೆ, ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಗಳಿಗೆ ಅಪಾಯವಾಗಬಹುದು. ಸ್ನಾಯುರಜ್ಜಿನೊಳಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಪಡೆದರೆ ರಜ್ಜು ಹರಿಯುವ ಭಯವಿದೆ. ಎಣ್ಣೆ ಹಚ್ಚಿ ಮೃದುವಾಗಿ ತಿಕ್ಕುವುದು ಸ್ನಾಯುಗಳಿಗೆ ಹಿತ ನೀಡಬಹುದು. ಮೂಳೆಬಿರುಕಿನ ಶಂಕೆಯಿರುವ ಜಾಗವನ್ನು ಒತ್ತಿ ತಿಕ್ಕುವುದಾಗಲಿ, ಎಳೆದು ಪಟ್ಟು ಹಾಕುವುದಾಗಲಿ ಕೂಡದು.

## ಓಟಕ್ಕೆ ಮರಳುವುದು

ನೋವಿಲ್ಲದೆ ೩೦ ನಿಮಿಷ ಬಿರುಸಾಗಿ ನಡೆಯಲು ಮತ್ತು ಒಂಟಿಕಾಲಿನಲ್ಲಿ ೧೦ ಬಾರಿ ಕುಪ್ಪಳಿಸಲು ಸಾಧ್ಯವಾದ ಮೇಲೆ ಓಟಕ್ಕೆ ಮರಳಬಹುದು. ದಿನ ಬಿಟ್ಟು ದಿನ, ವಾರಕ್ಕೆ ಮೂರು ಬಾರಿಯಂತೆ ಒಂದು ಮಾದರಿ ಕ್ರಮ ಹೀಗಿದೆ:

* ೧ನೆಯ ವಾರ: ೧ ನಿಮಿಷ ಓಟ, ೨ ನಿಮಿಷ ನಡಿಗೆ, ೧೦ ಆವರ್ತನ
* ೨ನೆಯ ವಾರ: ೨ ನಿಮಿಷ ಓಟ, ೨ ನಿಮಿಷ ನಡಿಗೆ, ೭ ಆವರ್ತನ
* ೩ನೆಯ ವಾರ: ೩ ನಿಮಿಷ ಓಟ, ೧ ನಿಮಿಷ ನಡಿಗೆ, ೭ ಆವರ್ತನ
* ೪ನೆಯ ವಾರ: ೫ ನಿಮಿಷ ಓಟ, ೧ ನಿಮಿಷ ನಡಿಗೆ, ೫ ಆವರ್ತನ
* ೫ನೆಯ ವಾರ: ೧೦ ನಿಮಿಷ ಓಟ, ೧ ನಿಮಿಷ ನಡಿಗೆ, ೩ ಆವರ್ತನ
* ೬ನೆಯ ವಾರ: ೩೦ ನಿಮಿಷ ನಿರಂತರ ಓಟ

ಯಾವುದೇ ವಾರದಲ್ಲಿ ನೋವು ಹೆಚ್ಚಿದರೆ ಹಿಂದಿನ ವಾರದ ಕ್ರಮಕ್ಕೆ ಮರಳಬೇಕು. ಮೊದಲು ಸಮಯವನ್ನು, ಬಳಿಕ ವೇಗವನ್ನು ಹೆಚ್ಚಿಸಬೇಕು. ಎರಡನ್ನೂ ಒಂದೇ ವಾರದಲ್ಲಿ ಹೆಚ್ಚಿಸಬಾರದು.

## ನೇಮಕಾತಿ ಪರೀಕ್ಷೆಗೆ ಸಿದ್ಧತೆ

ವಾರಕ್ಕೆ ಶೇಕಡಾ ೧೦ಕ್ಕಿಂತ ಹೆಚ್ಚು ಏರಿಸಬಾರದು ಎಂಬ ಸೂತ್ರ ಜನಪ್ರಿಯವಾಗಿದೆ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ನಡೆದು ೨೦೦೮ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಸೂತ್ರದಂತೆ ೧೩ ವಾರ ಅಭ್ಯಾಸ ಮಾಡಿದವರಿಗೂ ೮ ವಾರಗಳ ಸಾಮಾನ್ಯ ಕ್ರಮದವರಿಗೂ ಗಾಯದ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿತ್ತು. ಎರಡೂ ಗುಂಪುಗಳಲ್ಲಿ ಐವರಲ್ಲಿ ಒಬ್ಬರಿಗೆ ಗಾಯವಾಯಿತು. ೨೦೨೫ರಲ್ಲಿ ಪ್ರಕಟವಾದ, ೫,೦೦೦ಕ್ಕೂ ಹೆಚ್ಚು ಓಟಗಾರರ ಅಧ್ಯಯನವು, ಹಿಂದಿನ ೩೦ ದಿನಗಳಲ್ಲಿ ಓಡಿದ ಅತಿ ದೂರದ ಓಟವನ್ನು ಒಂದೇ ದಿನದಲ್ಲಿ ಬಹಳವಾಗಿ ಮೀರುವುದು ಗಾಯಕ್ಕೆ ದಾರಿ ಎಂದು ತೋರಿಸಿತು. ಹೀಗಾಗಿ ವಾರದ ಲೆಕ್ಕಕ್ಕಿಂತ ಒಂದು ದಿನದ ಅತಿರೇಕವನ್ನು ತಡೆಯುವುದು ಮುಖ್ಯ.

ಅಭ್ಯರ್ಥಿಗಳು ಅಧಿಸೂಚನೆಗೆ ಕಾಯದೆ, ಲಿಖಿತ ಪರೀಕ್ಷೆಯ ಓದಿನ ಜೊತೆಯಲ್ಲಿಯೇ ವಾರಕ್ಕೆ ಮೂರು ದಿನ ನಿಧಾನ ಓಟವನ್ನು ಆರಂಭಿಸುವುದು ಗಾಯವನ್ನು ತಡೆಯುವ ಉಪಾಯ. ೧೬ ವಾರಗಳ ಅವಧಿಯಿದ್ದರೆ ಮೊದಲ ೬ ವಾರ ಮಾತನಾಡುತ್ತ ಓಡಬಹುದಾದಷ್ಟು ನಿಧಾನ ಓಟ, ಮುಂದಿನ ೪ ವಾರ ವಾರಕ್ಕೊಮ್ಮೆ ಕೆಲವು ಚಿಕ್ಕ ವೇಗದ ಓಟಗಳು, ಅನಂತರದ ೪ ವಾರ ವಾರಕ್ಕೊಮ್ಮೆ ಪರೀಕ್ಷೆಯ ವೇಗದಲ್ಲಿ ೪೦೦ ಮೀಟರಿನ ಸುತ್ತುಗಳು (ನಡುವೆ ವಿರಾಮ), ಕೊನೆಯ ೨ ವಾರ ಇಳಿಕೆ ಎಂದು ಹಂಚಿಕೊಳ್ಳಬಹುದು. ಪೂರ್ಣ ೧,೬೦೦ ಮೀಟರನ್ನು ಪೂರ್ಣ ವೇಗದಲ್ಲಿ ಪ್ರತಿದಿನ ಓಡುವುದರಿಂದ ಸಮಯ ಸುಧಾರಿಸುವುದಿಲ್ಲ, ಗಾಯದ ಸಂಭವ ಮಾತ್ರ ಹೆಚ್ಚುತ್ತದೆ.

ಓಟಕ್ಕೆ ತಕ್ಕಷ್ಟು ಆಹಾರ ಸೇವಿಸದವರಲ್ಲಿ ಮೂಳೆ ದುರ್ಬಲವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ೨೦೧೪ರಲ್ಲಿ ಈ ಸ್ಥಿತಿಯ ಬಗ್ಗೆ ಎಚ್ಚರಿಕೆ ನೀಡಿತು. ಯುವತಿಯರಲ್ಲಿ ಮುಟ್ಟು ಮೂರು ತಿಂಗಳು ನಿಂತುಹೋದರೆ ಅದನ್ನು ಅಭ್ಯಾಸದ ಸಹಜ ಫಲವೆಂದು ಭಾವಿಸದೆ ವೈದ್ಯರನ್ನು ಕಾಣಬೇಕು.

## ವೈದ್ಯರನ್ನು ತಡಮಾಡದೆ ಕಾಣಬೇಕಾದ ಲಕ್ಷಣಗಳು

* ಮೂಳೆಯ ಒಂದೇ ಬಿಂದುವಿನಲ್ಲಿ ನೋವು, ಅಥವಾ ರಾತ್ರಿ ಮಲಗಿದಾಗಲೂ ಕಾಡುವ ನೋವು
* ಓಡುವಾಗ ತೊಡೆಸಂದಿಯಲ್ಲಿ ಆಳವಾದ ನೋವು
* ಉಳುಕಿದ ಕಾಲಿನ ಮೇಲೆ ನಾಲ್ಕು ಹೆಜ್ಜೆಯನ್ನೂ ಇಡಲಾಗದಿರುವುದು
* ಹಿಮ್ಮಡಿಯ ಮೇಲೆ ಯಾರೋ ಒದ್ದಂತೆ ಅನ್ನಿಸಿ, ಮುಂಪಾದದ ಮೇಲೆ ನಿಲ್ಲಲಾಗದಿರುವುದು (ಅಕಿಲಿಸ್ ರಜ್ಜು ಹರಿದಿರುವ ಸೂಚನೆ)
* ಮೀನಖಂಡ ಊದಿ, ಬಿಸಿಯಾಗಿ, ವಿಶ್ರಾಂತಿಯಲ್ಲಿಯೂ ನೋಯುವುದು
* ಮೊಣಕಾಲು ಸಿಕ್ಕಿಕೊಂಡು ಚಾಚಲಾಗದಿರುವುದು

ಬಳ್ಳಾರಿಯಲ್ಲಿ ೧೯೬೧ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ (ವಿಮ್ಸ್ ಎಂಬ ಹೆಸರಿನಿಂದ ಪರಿಚಿತ) ಜಿಲ್ಲೆಯ ದೊಡ್ಡ ಸಾರ್ವಜನಿಕ ಆಸ್ಪತ್ರೆ. ಸಿರುಗುಪ್ಪ ಮತ್ತು ಕುರುಗೋಡಿನವರು ಮೊದಲು ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಂಡು, ಅಗತ್ಯವಿದ್ದರೆ ಅಲ್ಲಿಂದ ಮೂಳೆತಜ್ಞರಲ್ಲಿಗೆ ಹೋಗಬಹುದು. ಹೋಗುವಾಗ ಓಟದ ನೋಟ್‌ಬುಕ್ಕನ್ನೂ ದಿನನಿತ್ಯ ಬಳಸುವ ಶೂಗಳನ್ನೂ ಜೊತೆಗೆ ಒಯ್ದರೆ ಪರೀಕ್ಷೆ ಸುಲಭವಾಗುತ್ತದೆ.

## ಇವನ್ನೂ ನೋಡಿ

* ಭೌತಚಿಕಿತ್ಸೆ
* ಮ್ಯಾರಥಾನ್
* ಅಥ್ಲೆಟಿಕ್ಸ್
* ಬಳ್ಳಾರಿ ಜಿಲ್ಲೆ